ಕಲಿಯುವವನ ಮೊಹರು

ವಿನ್ಯಾಸ ಕಲೆಯನ್ನು ಕಲಿಸುವ ಶಾಲೆಗಳಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಪೋರ್ಟ್‌ಫೋಲಿಯೋ ಎಂಬ ಕಡತವೊಂದನ್ನು ಸಿದ್ಧಪಡಿಸುತ್ತಾರೆ. ಕಲಿಕೆಯ ಅವಧಿಯಲ್ಲಿ ತಾವು ಮಾಡಿದ ಕೆಲಸಗಳಲ್ಲಿ ಒಳ್ಳೆಯವನ್ನು ಆರಿಸಿ, ಒಪ್ಪವಾಗಿ ಜೋಡಿಸಿ, ನೌಕರಿ ಕೊಡುವವರ ಮುಂದಿಡುವ ಕಡತ ಅದು. ಅದರ ಮೊದಲ ಪುಟದಲ್ಲಿ ವಿದ್ಯಾರ್ಥಿಯ ಸ್ವಂತ ಲಾಂಛನ, ಅಂದರೆ ಲೋಗೋ, ಇರುವುದು ಈಗ ರೂಢಿಯಾಗಿದೆ. ಊರಿನ ಬೇಕರಿಗೋ ಬಟ್ಟೆ ಅಂಗಡಿಗೋ ಎರಡೇ ದಿನದಲ್ಲಿ ಲೋಗೋ ಬರೆದುಕೊಡಬಲ್ಲ ಹುಡುಗ ಹುಡುಗಿಯರು ತಮ್ಮದೇ ಲೋಗೋದ ಮುಂದೆ ವಾರಗಟ್ಟಲೆ ತಡವರಿಸುತ್ತಾರೆ. ಕಾರಣ ಸರಳ. ಬೇಕರಿಗೆ ಬ್ರೆಡ್ಡಿದೆ, ಅಂಗಡಿಗೆ ಬಟ್ಟೆಯಿದೆ. ಆದರೆ ಕಲಿಯುವವನ ಕೆಲಸ ಇನ್ನೂ ಮುಂದಿದೆ. ಬರಲಿರುವ ಕೆಲಸಕ್ಕೆ ಈಗಲೇ ಗುರುತು ಹಾಕುವುದು ಹೇಗೆ?

ಇದು ಕಂಪ್ಯೂಟರ್ ಯುಗದ ಸಣ್ಣ ತೊಡಕೆಂದು ತೋರಬಹುದು. ಆದರೆ ಕೈಕೆಲಸದ ಇತಿಹಾಸವನ್ನು ತಿರುವಿದರೆ ಇದು ತುಂಬ ಹಳೆಯ ಪ್ರಶ್ನೆಯೆಂದು ತಿಳಿಯುತ್ತದೆ. ಕೆಲಸದ ಕೆಳಗೆ ಹೆಸರು ಹಾಕುವ ಹಕ್ಕು ಯಾರಿಗಿದೆ, ಅದು ಯಾವಾಗ ಸಿಗುತ್ತದೆ, ಸಿಕ್ಕ ಮೇಲೆ ಹೊರಬೇಕಾದ ಭಾರವೇನು ಎಂಬುದನ್ನು ಕಲ್ಲುಕುಟಿಗರು, ಅಕ್ಕಸಾಲಿಗರು, ಚಿತ್ರಕಾರರು, ಖುಶ್‌ನವೀಸರು ನೂರಾರು ವರ್ಷ ಯೋಚಿಸಿದ್ದಾರೆ. ಅವರು ಕಂಡುಕೊಂಡ ಉತ್ತರಗಳು ಇಂದಿನ ವಿದ್ಯಾರ್ಥಿಗೂ ದಾರಿ ತೋರಿಸಬಲ್ಲವು.

ಕಲ್ಲಿನಲ್ಲಿ ಒಂದಕ್ಷರ

ಮೊದಲು ನಮ್ಮ ನಾಡಿನಿಂದಲೇ ಆರಂಭಿಸೋಣ. ಭಾರತದ ಪ್ರಾಚೀನ ಶಿಲ್ಪಿಗಳು ಹೆಸರಿನ ಹಂಬಲವಿಲ್ಲದೆ ಅಜ್ಞಾತರಾಗಿ ಉಳಿದರು ಎಂಬ ಮಾತು ನಮ್ಮಲ್ಲಿ ಪ್ರಚಲಿತ. ಹೊಯ್ಸಳರ ಕಾಲದ ಕರ್ನಾಟಕಕ್ಕೆ ಈ ಮಾತು ಅನ್ವಯಿಸುವುದಿಲ್ಲ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠಗಳಲ್ಲಿ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವಿಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರನ್ನಷ್ಟೇ ಅಲ್ಲ, ಊರನ್ನೂ ಬಿರುದುಗಳನ್ನೂ ಅಲ್ಲಿ ಕೊರೆದಿದ್ದಾರೆ. ಅಪ್ಪನ ಬಳಿ ಕಲಿತ ಮಗ ಅಪ್ಪನ ಪಕ್ಕದಲ್ಲೇ ತನ್ನ ಹೆಸರು ಹಾಕುವ ಹಂತ ತಲುಪಿದ್ದ.

13ನೆಯ ಶತಮಾನದ ಸೋಮನಾಥಪುರಕ್ಕೆ ಬರುವಾಗ ಈ ರೂಢಿ ಇನ್ನಷ್ಟು ಬಿಗಿಯಾಗುತ್ತದೆ. ಅಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನ ಹೆಸರಿನಲ್ಲಿ ನಲ್ವತ್ತಕ್ಕೂ ಹೆಚ್ಚು ಶಿಲ್ಪಗಳು ಉಳಿದಿವೆ. ಅವನು ಎಲ್ಲೆಡೆ ಪೂರ್ತಿ ಹೆಸರು ಬರೆಯುವ ಗೋಜಿಗೆ ಹೋಗಲಿಲ್ಲ. ಕೆಲವೆಡೆ 'ಮಲ್ಲಿ' ಎಂದು ಬರೆದ, ಕೆಲವೆಡೆ ಬರಿಯ 'ಮ' ಎಂದು ಕೊರೆದು ಬಿಟ್ಟ. ಇಂದಿನ ವಿನ್ಯಾಸಕಾರರು ಮೊನೋಗ್ರಾಮ್ ಎಂದು ಕರೆಯುವುದು ಇದನ್ನೇ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 'ಮ' ಎಂಬ ಅಕ್ಷರದಲ್ಲಿ ಅಂಥ ವಿಶೇಷವೇನೂ ಇಲ್ಲ. ಕನ್ನಡ ಬಲ್ಲ ಯಾರೂ ಅದನ್ನು ಬರೆಯಬಹುದು. ಅದು ಮಲ್ಲಿತಮ್ಮನ ಗುರುತಾದದ್ದು ಅದರ ಮೇಲಿರುವ ಶಿಲ್ಪದಿಂದ. ಗುರುತು ಶಿಲ್ಪಕ್ಕೆ ಬೆಲೆ ತರಲಿಲ್ಲ, ಶಿಲ್ಪವೇ ಗುರುತಿಗೆ ಬೆಲೆ ತಂದಿತು.

ಅಕ್ಕಸಾಲಿಗನ ಮಗ

ಯುರೋಪಿನಲ್ಲಿ ಇಂಥ ಗುರುತುಗಳಿಗೆ ಕಾನೂನಿನ ಬಲವೂ ಇತ್ತು. ಚಿನ್ನ ಬೆಳ್ಳಿಯಲ್ಲಿ ಕಲಬೆರಕೆ ಮಾಡಿದರೆ ಕೊಳ್ಳುವವನಿಗೆ ಸುಲಭವಾಗಿ ತಿಳಿಯುವುದಿಲ್ಲ. ಆದ್ದರಿಂದ ಪ್ರತಿಯೊಬ್ಬ ಮುಖ್ಯ ಅಕ್ಕಸಾಲಿಗನೂ ತನ್ನದೇ ಆದ ಮುದ್ರೆಯನ್ನು ಹೊಂದಿರಬೇಕೆಂದು ಇಂಗ್ಲೆಂಡಿನಲ್ಲಿ 1363ರಲ್ಲಿ ಶಾಸನವಾಯಿತು. ಮಾಲು ಕಳಪೆಯೆಂದು ಕಂಡರೆ ಮುದ್ರೆ ನೋಡಿ ತಯಾರಿಸಿದವನ ಬಾಗಿಲಿಗೆ ಹೋಗಬಹುದಿತ್ತು. ಅಂದರೆ ಆ ಮುದ್ರೆ ಅಕ್ಕಸಾಲಿಗನಿಗೆ ಕೀರ್ತಿಯೂ ಹೌದು, ಜಾಮೀನೂ ಹೌದು. ಶಾಸನ ಮಾತನಾಡಿದ್ದು ಮುಖ್ಯ ಅಕ್ಕಸಾಲಿಗನ ಬಗ್ಗೆ. ಅವನ ಅಂಗಡಿಯಲ್ಲಿ ಕಲಿಯುವ ಹುಡುಗ ಮಾಡಿದ ಒಡವೆಗೂ ಯಜಮಾನನದೇ ಮುದ್ರೆ. ತಪ್ಪಾದರೆ ಹೊಣೆಯೂ ಅವನದೇ.

ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಇಂಥದೇ ಒಬ್ಬ ಅಕ್ಕಸಾಲಿಗನ ಮಗನಾಗಿ 1471ರಲ್ಲಿ ಹುಟ್ಟಿದವನು ಆಲ್ಬ್ರೆಕ್ಟ್ ಡ್ಯೂರರ್. ಮೊದಲು ಅಪ್ಪನ ಬಳಿ ಚಿನ್ನದ ಕೆಲಸ ಕಲಿತ, ಆಮೇಲೆ 1486ರಲ್ಲಿ ಮೈಕೆಲ್ ವೋಲ್ಗೆಮುಟ್ ಎಂಬ ಚಿತ್ರಕಾರನಲ್ಲಿ ಶಿಷ್ಯನಾಗಿ ಸೇರಿದ. ಅದಕ್ಕೂ ಮೊದಲೇ, 1484ರಲ್ಲಿ, ಹದಿಮೂರರ ಹುಡುಗನಾಗಿದ್ದಾಗ ಅವನು ಕನ್ನಡಿಯಲ್ಲಿ ನೋಡಿಕೊಂಡು ಬೆಳ್ಳಿಕಡ್ಡಿಯಿಂದ ತನ್ನದೇ ಮುಖವನ್ನು ಬರೆದ. ಬೆಳ್ಳಿಕಡ್ಡಿಯ ಗೆರೆಯನ್ನು ಅಳಿಸಿ ತಿದ್ದುವುದು ಬಹಳ ಕಷ್ಟ. ಆ ಚಿತ್ರ ಇಂದು ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹದಲ್ಲಿದೆ. ದೊಡ್ಡವನಾದ ಮೇಲೆ ಡ್ಯೂರರ್ ಅದೇ ಹಾಳೆಯ ಮೇಲೆ, ತಾನಿನ್ನೂ ಮಗುವಾಗಿದ್ದಾಗ ಬರೆದದ್ದು ಇದು ಎಂಬರ್ಥದ ಟಿಪ್ಪಣಿ ಸೇರಿಸಿದ. ಬಾಲ್ಯದ ಕೆಲಸವನ್ನು ಅವನು ಬಚ್ಚಿಡಲಿಲ್ಲ, ಅದನ್ನು ಪ್ರೌಢ ಕೃತಿಯೆಂದು ಸಾಗಿಸಲೂ ಇಲ್ಲ.

ಮುಂದೆ ಅವನ ಗುರುತು ಜಗತ್ಪ್ರಸಿದ್ಧವಾಯಿತು. ಅಗಲವಾಗಿ ಕಾಲು ಚಾಚಿ ನಿಂತ 'ಎ', ಅದರ ಕಾಲುಗಳ ನಡುವೆ ಆಸರೆ ಪಡೆದಂತೆ ಕುಳಿತ ಪುಟ್ಟ 'ಡಿ'. ಮರದ ಅಚ್ಚಿನಲ್ಲಿ ಕೊರೆಯಲು, ತಾಮ್ರದ ಹಾಳೆಯಲ್ಲಿ ಗೀರಲು, ಉಗುರಿನಷ್ಟು ಜಾಗದಲ್ಲಿ ಕೂರಿಸಲು ಹೇಳಿ ಮಾಡಿಸಿದ ರಚನೆ ಅದು. ಅಚ್ಚಿನ ಚಿತ್ರಗಳು ಊರೂರಿಗೆ ಮಾರಾಟವಾಗುತ್ತಿದ್ದ ಕಾಲದಲ್ಲಿ ಆ ಎರಡಕ್ಷರ ನೋಡಿಯೇ ಜನ ದುಡ್ಡು ಕೊಡುತ್ತಿದ್ದರು. ಇಟಲಿಯ ಮಾರ್ಕಾಂಟೋನಿಯೋ ರೈಮೊಂಡಿ ಡ್ಯೂರರನ ಅಚ್ಚುಗಳನ್ನು ಗುರುತಿನ ಸಮೇತ ನಕಲು ಮಾಡಿದ. ಡ್ಯೂರರ್ ವೆನಿಸ್ ನಗರದ ಆಡಳಿತಕ್ಕೆ ದೂರು ಕೊಟ್ಟನೆಂದೂ, ಚಿತ್ರದ ನಕಲಿಗೆ ಅಡ್ಡಿಯಿಲ್ಲ, ಗುರುತನ್ನು ಮಾತ್ರ ಬಳಸಕೂಡದು ಎಂದು ತೀರ್ಪಾಯಿತೆಂದೂ 16ನೆಯ ಶತಮಾನದ ಕಲಾ ಚರಿತ್ರಕಾರ ವಸಾರಿ ಬರೆದಿದ್ದಾನೆ. ತೀರ್ಪಿನ ತರ್ಕ ಕುತೂಹಲಕರವಾಗಿದೆ. ಗೆರೆಗಳನ್ನು ಯಾರೂ ಕಲಿಯಬಹುದು. ಇನ್ನೊಬ್ಬನ ಮಾತನ್ನು ಮಾತ್ರ ತನ್ನದೆಂದು ಕೊಡುವಂತಿಲ್ಲ.

ಹದಿಮೂರರ ಇನ್ನೊಬ್ಬ ಹುಡುಗ

ಯುರೋಪಿನ ಅಚ್ಚುಗಳು ಪೋರ್ಚುಗೀಸರ ಗೋವೆಯ ದಾರಿಯಾಗಿ ಭಾರತಕ್ಕೂ ಬಂದವು. 1580ರಲ್ಲಿ ಜೆಸುಯಿಟ್ ಪಾದ್ರಿಗಳು ಫತೇಪುರ ಸಿಕ್ರಿಯಲ್ಲಿ ಅಕ್ಬರನ ದರ್ಬಾರಿಗೆ ಹೋದಾಗ ಆಂಟ್‌ವರ್ಪ್‌ನಲ್ಲಿ ಅಚ್ಚಾದ ಚಿತ್ರಗಳುಳ್ಳ ಬೈಬಲನ್ನು ಒಯ್ದಿದ್ದರು. ಮೊಘಲ್ ಚಿತ್ರಶಾಲೆಗಳಲ್ಲಿ ಅಂಥ ಅಚ್ಚುಗಳನ್ನು ಮುಂದಿಟ್ಟುಕೊಂಡು ಅಭ್ಯಾಸ ಮಾಡುವುದು ಕಲಿಕೆಯ ಭಾಗವಾಯಿತು.

ಶಹಜಾದ ಸಲೀಮನ, ಅಂದರೆ ಮುಂದಿನ ಜಹಾಂಗೀರನ, ಚಿತ್ರಶಾಲೆಯಲ್ಲಿ ಆಕಾ ರಿಝಾ ಎಂಬ ಇರಾನಿ ಚಿತ್ರಕಾರನಿದ್ದ. ಅವನ ಮಗ ಅಬುಲ್ ಹಸನ್. 1511ರ ಡ್ಯೂರರನ ಶಿಲುಬೆಯ ಅಚ್ಚೊಂದು ಈ ಹುಡುಗನ ಕೈಗೆ ಬಂತು. ಅದರಲ್ಲಿ ದುಃಖದಿಂದ ಕೈ ಹೆಣೆದು ನಿಂತ ಸಂತ ಜಾನ್‌ನ ಆಕೃತಿಯನ್ನಷ್ಟೇ ಆರಿಸಿಕೊಂಡು 1600ರಲ್ಲಿ ಅವನು ಬರೆದ ಚಿತ್ರ ಇಂದು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ. ಬಟ್ಟೆಯ ಮಡಿಕೆಗಳು, ನೆರಳು, ಮುಖದ ನೋವು ಎಲ್ಲವನ್ನೂ ಹುಡುಗ ಹಿಡಿದಿದ್ದಾನೆ. ಆದರೆ ಚಿತ್ರದ ಮೇಲೆ ಹಾಕಿದ್ದು ತನ್ನದೇ ಬರಹವನ್ನು. ಅದರಲ್ಲಿ ತನ್ನ ಹೆಸರು, ತಂದೆ ರಿಝಾನ ಹೆಸರು, ತಾರೀಕು, ಜೊತೆಗೆ ಇದು ತನ್ನ ಹದಿಮೂರನೆಯ ವಯಸ್ಸಿನ ಕೆಲಸ ಎಂಬ ಮಾತು ಇವೆ.

ಡ್ಯೂರರ್ ತನ್ನ ಮುಖ ಬರೆದುಕೊಂಡದ್ದು ಹದಿಮೂರರಲ್ಲಿ. ಅವನ ಅಚ್ಚನ್ನು ನೋಡಿ ಅಬುಲ್ ಹಸನ್ ಬರೆದದ್ದೂ ಹದಿಮೂರರಲ್ಲಿ. ನಡುವೆ ನೂರಹದಿನಾರು ವರ್ಷ. ಇದು ಕಾಕತಾಳೀಯವಾದರೂ ರೈಮೊಂಡಿಗೂ ಈ ಹುಡುಗನಿಗೂ ಇರುವ ವ್ಯತ್ಯಾಸ ಕಾಕತಾಳೀಯವಲ್ಲ. ನುರಿತ ಕಲಾವಿದನಾಗಿದ್ದ ರೈಮೊಂಡಿ ಗುರುತನ್ನೂ ನಕಲು ಮಾಡಿದ. ಕಲಿಯುತ್ತಿದ್ದ ಹುಡುಗ ಆಕೃತಿಯನ್ನು ಪಡೆದುಕೊಂಡು ಕೆಳಗೆ ತನ್ನ ವಯಸ್ಸನ್ನು ಬರೆದ. ನಾನಿನ್ನೂ ಕಲಿಯುವವನು, ಆದರೆ ಇದು ನನ್ನ ಕೈಯದು ಎಂದು ಎರಡನ್ನೂ ಒಟ್ಟಿಗೆ ಹೇಳಿದ. ನಮ್ಮ ದೃಷ್ಟಿಯಲ್ಲಿ ವಿದ್ಯಾರ್ಥಿಯ ಪೋರ್ಟ್‌ಫೋಲಿಯೋಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಅದೇ ಆಕಾ ರಿಝಾನ ಬಳಿ ನಾದಿರಾ ಬಾನು ಎಂಬ ಹುಡುಗಿಯೂ ಕಲಿಯುತ್ತಿದ್ದಳು. ಯುರೋಪಿನ ಅಚ್ಚುಗಳನ್ನು ನೋಡಿ ಅವಳು ಬರೆದ ಚಿತ್ರಗಳು ಪ್ರಸಿದ್ಧ ಗುಲ್‌ಶನ್ ಸಂಪುಟದಲ್ಲಿ ಸೇರಿವೆ. ಅವಳ ಸಹಿಯಲ್ಲಿ ಹೆಸರಿನೊಂದಿಗೆ 'ಮೀರ್ ತಕಿಯ ಮಗಳು, ಆಕಾ ರಿಝಾನ ಶಾಗಿರ್ದ್' ಎಂಬ ವಿವರವಿದೆ. ಶಾಗಿರ್ದ್ ಎಂದರೆ ಶಿಷ್ಯೆ. ಆ ಪದವನ್ನು ಅವಳು ಕೊರತೆಯೆಂದು ಮರೆಮಾಚಲಿಲ್ಲ, ಪರಿಚಯಪತ್ರದಂತೆ ಮುಂದಿಟ್ಟಳು.

ಅಬುಲ್ ಹಸನ್‌ನಿಗೆ ಜಹಾಂಗೀರ್ 1618ರಲ್ಲಿ 'ನಾದಿರುಝ್ಝಮಾನ್', ಅಂದರೆ ಕಾಲದ ಅಪೂರ್ವ, ಎಂಬ ಬಿರುದು ಕೊಟ್ಟ. ಸಹಿಯಿಲ್ಲದಿದ್ದರೂ ಯಾವ ಚಿತ್ರ ಯಾರದೆಂದು ತಾನು ಹೇಳಬಲ್ಲೆನೆಂದು ಈ ಬಾದಶಹ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅವನ ಮಾತಿನಲ್ಲಿ ಜಂಬವಿರಬಹುದು, ಸತ್ಯವೂ ಇದೆ. ಕೈ ಪಳಗಿದವನಿಗೆ ಅವನ ಗೆರೆಯೇ ಗುರುತು.

ಅನುಮತಿಯ ಸಹಿ

ಇಸ್ಲಾಮಿ ಜಗತ್ತಿನ ಅಕ್ಷರ ಕಲೆಯಲ್ಲಿ ಈ ವಿಷಯಕ್ಕೆ ಸ್ಪಷ್ಟ ಕಟ್ಟಳೆಯೇ ಇತ್ತು. ಉಸ್ಮಾನಿ ತುರ್ಕಿಯಲ್ಲಿ ಖುಶ್‌ನವೀಸ್ ಆಗಬಯಸುವವನು ಉಸ್ತಾದರ ಮುಂದೆ ವರ್ಷಗಟ್ಟಲೆ ಒಂದೊಂದೇ ಅಕ್ಷರವನ್ನು ತಿದ್ದುತ್ತಿದ್ದ. ಆ ಅವಧಿಯಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಅದಕ್ಕೆ ಸಹಿ ಹಾಕುವಂತಿರಲಿಲ್ಲ. ಕೊನೆಗೆ ಹಿಂದಿನ ಮಹಾನ್ ಬರಹಗಾರನೊಬ್ಬನ ಪುಟವನ್ನು ಅನುಸರಿಸಿ ಬರೆದು ತೋರಿಸಬೇಕಿತ್ತು. ಉಸ್ತಾದರಿಗೆ ಒಪ್ಪಿಗೆಯಾದರೆ ಅದೇ ಪುಟದ ಕೆಳಗೆ ತಮ್ಮ ಕೈಯಿಂದ ಇಜಾಝತ್, ಅಂದರೆ ಅನುಮತಿ, ಬರೆದುಕೊಡುತ್ತಿದ್ದರು. ಅಂದಿನಿಂದ ಶಿಷ್ಯ 'ಕತಬಹು', ಇದನ್ನು ಇಂಥವನು ಬರೆದ, ಎಂದು ಹೆಸರು ಹಾಕಬಹುದಿತ್ತು. ಆ ಹೆಸರಿನ ಜೊತೆ 'ಬಡವ', 'ಪಾಪಿ' ಎಂಬ ವಿನಯದ ಮಾತುಗಳೂ, ಇಂಥವರ ಶಿಷ್ಯನೆಂಬ ಗುರುಪರಂಪರೆಯೂ ಹಲವು ಸಲ ಸೇರಿರುತ್ತಿದ್ದವು.

ಕನ್ನಡಿಗರಿಗೆ ಇದು ಅಪರಿಚಿತವಾಗಿ ತೋರಬೇಕಿಲ್ಲ. ನಮ್ಮ ಹರಿದಾಸ ಪರಂಪರೆಯಲ್ಲೂ ಗುರುವಿನಿಂದ ಅಂಕಿತ ಪಡೆದು ಹಾಡು ಕಟ್ಟುವ ಪದ್ಧತಿಯಿದೆ. ವಚನಕಾರರ ಅಂಕಿತಗಳಲ್ಲಿ ಸಾಮಾನ್ಯವಾಗಿ ಬರುವುದು ಬರೆದವರ ಹೆಸರಲ್ಲ, ಅವರ ಇಷ್ಟದೈವದ ಹೆಸರು. ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫರು ಊರಿನ ದೈವವನ್ನೇ ಅಂಕಿತವಾಗಿಸಿಕೊಂಡರು. ಆದರೂ ಅಂಕಿತ ಕೇಳಿದೊಡನೆ ಹಾಡು ಯಾರದೆಂದು ಹಳ್ಳಿಯ ಮುದುಕಿಗೂ ಗೊತ್ತಾಗುತ್ತದೆ. ಗುರುತು ಎಂಬುದು ನಾನು ಎಂಬ ಮಾತನ್ನೇ ಹೇಳಬೇಕೆಂದಿಲ್ಲ. ನಾನು ಯಾರಿಗೆ ಋಣಿ ಎಂಬುದನ್ನೂ ಅದು ಹೇಳಬಹುದು.

ಹೈದರನ 'ಹೇ'

ಅರಸರ ಗುರುತುಗಳ ಕತೆ ಬೇರೆ. ಉಸ್ಮಾನಿ ಸುಲ್ತಾನರ ತುಘ್ರಾ ನೋಡಲು ಬೆರಗು ಹುಟ್ಟಿಸುತ್ತದೆ. ಮೇಲಕ್ಕೆ ಚಿಮ್ಮಿದ ಮೂರು ಉದ್ದ ಗೆರೆ, ಎಡಕ್ಕೆ ಎರಡು ದೊಡ್ಡ ಕುಣಿಕೆ, ಕೆಳಗೆ ಒತ್ತಾಗಿ ಹೆಣೆದ ಸುಲ್ತಾನನ ಮತ್ತು ಅವನ ತಂದೆಯ ಹೆಸರು. ಪಟ್ಟಕ್ಕೆ ಬಂದ ಪ್ರತಿಯೊಬ್ಬನಿಗೂ ಹೊಸ ತುಘ್ರಾ. ಆದರೆ ಫರ್ಮಾನುಗಳ ಮೇಲೆ ಅದನ್ನು ಬರೆಯುತ್ತಿದ್ದುದು ಸುಲ್ತಾನನಲ್ಲ, ನಿಶಾಂಜಿ ಎಂಬ ಅಧಿಕಾರಿಯ ಕಚೇರಿ.

ಇದಕ್ಕೆ ಹೋಲಿಸಿದರೆ ಶ್ರೀರಂಗಪಟ್ಟಣದ ಗುರುತು ತೀರ ಸರಳ. ಹೈದರಾಲಿಗೆ ಓದುಬರಹ ತಿಳಿದಿರಲಿಲ್ಲ. 1763ರಲ್ಲಿ ಬಿದನೂರು ಗೆದ್ದ ಬಳಿಕ ಅವನು ಹೊರಡಿಸಿದ ಚಿನ್ನದ ಹೊನ್ನಿನ ಒಂದು ಮುಖದಲ್ಲಿ ಇಕ್ಕೇರಿಯ ನಾಣ್ಯದಲ್ಲಿದ್ದ ಶಿವ ಪಾರ್ವತಿಯರೇ ಉಳಿದರು. ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲಕ್ಷರ, ಪಾರಸಿಯ 'ಹೇ', ಬಂತು. ಜನ ನಂಬಿದ ನಾಣ್ಯದ ಮುಖ ಕೆಡಲಿಲ್ಲ, ಹೊಸ ಆಡಳಿತದ ಹೊಣೆ ಯಾರದೆಂಬುದೂ ಒಂದೇ ಅಕ್ಷರದಲ್ಲಿ ತಿಳಿಯಿತು. ಟಿಪ್ಪು ಸುಲ್ತಾನ್ ಪಟ್ಟಕ್ಕೆ ಬಂದ ಮೇಲೆ ಬಟ್ಟೆ, ಆಯುಧ, ಸಿಂಹಾಸನಗಳಿಗೆಲ್ಲ ಹುಲಿಪಟ್ಟೆಯ ಗುರುತು ತಂದ. ಆದರೂ ನಾಣ್ಯಗಳಲ್ಲಿ ತಂದೆಯ 'ಹೇ'ಯನ್ನು ಉಳಿಸಿಕೊಂಡ.

ಗುರುತು ಕೈ ಬದಲಾಯಿಸಿದ ಕಾಲ

ಯಂತ್ರಗಳು ಬಂದ ಮೇಲೆ ಗುರುತು ಮಾಡಿದವನ ಕೈಯಿಂದ ಮಾರುವವನ ಕೈಗೆ ಹೋಯಿತು. ಬ್ರಿಟನ್ 1875ರಲ್ಲಿ ಟ್ರೇಡ್‌ಮಾರ್ಕ್ ನೋಂದಣಿಯ ಕಾನೂನು ಮಾಡಿತು. 1876ರ ಮೊದಲ ದಿನ ಮೊದಲನೆಯದಾಗಿ ನೋಂದಣಿಯಾದದ್ದು ಒಂದು ಮದ್ಯದ ಕಂಪನಿಯ ಕೆಂಪು ತ್ರಿಕೋನ. ಆಮೇಲಿನ ಕಾಲದಲ್ಲಿ ಸಾಮಾನಿನ ಮೇಲೆ ಕಂಪನಿಯ ಹೆಸರು ದೊಡ್ಡದಾಯಿತು, ಕೆಲಸಗಾರನ ಹೆಸರು ಇಲ್ಲವಾಯಿತು.

ವಿಪರ್ಯಾಸವೆಂದರೆ ಈ ದೊಡ್ಡ ಗುರುತುಗಳಲ್ಲಿ ಕೆಲವನ್ನು ಬರೆದವರು ವಿದ್ಯಾರ್ಥಿಗಳೇ. ನೈಕಿ ಕಂಪನಿಯ ಬಾಗಿದ ಗೆರೆಯನ್ನು 1971ರಲ್ಲಿ ರಚಿಸಿದ್ದು ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್‌ಸನ್. ಅವರಿಗೆ ಸಿಕ್ಕಿದ್ದು 35 ಡಾಲರ್. ಕಂಪನಿ ಅವರನ್ನು ನೆನೆದು ಉಂಗುರ ಮತ್ತು ಷೇರುಗಳನ್ನು ಕೊಟ್ಟದ್ದು 1983ರಲ್ಲಿ. ನಮ್ಮ ದೂರದರ್ಶನದ ಕಣ್ಣಿನ ಲಾಂಛನ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿಯುತ್ತಿದ್ದ ದೇವಾಶಿಷ್ ಭಟ್ಟಾಚಾರ್ಯರ ಕೈಯದು. 2010ರ ಜುಲೈ 15ರಂದು ಕೇಂದ್ರ ಸರ್ಕಾರ ಒಪ್ಪಿದ ರೂಪಾಯಿ ಚಿಹ್ನೆಯನ್ನು ರಚಿಸಿದವರು ಐಐಟಿ ಮುಂಬೈಯಲ್ಲಿ ವಿನ್ಯಾಸದ ಸಂಶೋಧನೆ ನಡೆಸಿದ್ದ ಉದಯಕುಮಾರ್. ದಿನಾಲೂ ಆ ಚಿಹ್ನೆ ಬರೆಯುವ ಕೋಟ್ಯಂತರ ಜನರಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು?

ವಿನ್ಯಾಸ ಶಾಲೆಯ ವಿದ್ಯಾರ್ಥಿಗೆ ಇಷ್ಟಾದರೂ ದಾಖಲೆಯಿದೆ. ಕೈಕಸುಬಿನವನಿಗೆ ಹೆಚ್ಚಾಗಿ ಅದೂ ಇಲ್ಲ. ಬೀದರಿನ ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಅಂದರೆ ಊರಿನ ಹೆಸರಿಗೆ ರಕ್ಷಣೆ ದೊರೆಯಿತು. ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಒಬ್ಬ ಉಸ್ತಾದರ ಹೆಸರು ದೇಶಕ್ಕೆ ಕೇಳಿಸಿತು. ಆದರೆ ಕರಿಯ ಲೋಹದ ಮೇಲೆ ಬೆಳ್ಳಿ ತಂತಿ ಕೂರಿಸುವ ಉಳಿದ ಕೈಗಳ ಹೆಸರು? ಹೂದಾನಿಯ ತಳ ತಿರುಗಿಸಿ ನೋಡಿದರೆ ಅಂಗಡಿಯ ಚೀಟಿ ಸಿಗುತ್ತದೆ, ಮಾಡಿದವನ ಹೆಸರು ಸಿಗುವುದು ಅಪರೂಪ.

ಹೆಸರು ಹಾಕುವ ಧೈರ್ಯ

ಈ ಹಿನ್ನೆಲೆಯಲ್ಲಿ ನೋಡಿದರೆ ವಿದ್ಯಾರ್ಥಿಯೊಬ್ಬ ತನ್ನ ಪೋರ್ಟ್‌ಫೋಲಿಯೋಗೆ ಲಾಂಛನ ಬರೆಯುವುದು ಕೇವಲ ಫ್ಯಾಶನ್ ಎಂದು ನಾವು ತಳ್ಳಿಹಾಕುವಂತಿಲ್ಲ. ಮುಂದೆ ಜೀವನವಿಡೀ ಇತರರಿಗಾಗಿ ಗುರುತು ಬರೆಯಲಿರುವ ಕೈ ತನಗಾಗಿ ಬರೆದುಕೊಳ್ಳುವ ಗುರುತು ಇದೊಂದೇ ಇರಬಹುದು. ಆದ್ದರಿಂದಲೇ ಅದು ಪ್ರಾಮಾಣಿಕವಾಗಿರಬೇಕು. ಕಲಿಯುವವನು ಸುಲ್ತಾನನ ತುಘ್ರಾ ಧರಿಸಿದರೆ ನೋಡುವವರು ಒಳಗಿನ ಪುಟ ತಿರುವಿದೊಡನೆ ಬಣ್ಣ ಬಯಲಾಗುತ್ತದೆ. ಕಿರೀಟ, ರೆಕ್ಕೆ, ಚಿನ್ನದ ಹೊಳಪು ಬೇಕಿಲ್ಲ. ಮಲ್ಲಿತಮ್ಮನಿಗೆ 'ಮ' ಸಾಕಾಯಿತು. ಉಗುರಿನಷ್ಟು ಕಿರಿದಾದರೂ ಕಾಣುವಂತಿರಬೇಕು, ಒಂದೇ ಬಣ್ಣದಲ್ಲೂ ನಿಲ್ಲುವಂತಿರಬೇಕು, ಹತ್ತು ವರ್ಷದ ನಂತರವೂ ಹಾಕಲು ನಾಚಿಕೆಯಾಗಬಾರದು. ಡ್ಯೂರರನ ಎರಡಕ್ಷರ ಈ ಮೂರು ಪರೀಕ್ಷೆಗಳಲ್ಲೂ ತೇರ್ಗಡೆಯಾಗಿದೆ. ಅಕ್ಷರ ರೋಮನ್ ಲಿಪಿಯದೇ ಆಗಬೇಕೆಂಬ ನಿಯಮವೂ ಇಲ್ಲ. ಕನ್ನಡದ ತಲೆಕಟ್ಟು ಮತ್ತು ದುಂಡು ಬಳಸುಗಳಲ್ಲಿ, ಉರ್ದುವಿನ ಬಾಗು ಮತ್ತು ಚುಕ್ಕಿಗಳಲ್ಲಿ ಇನ್ನೂ ಯಾರೂ ಮುಟ್ಟದ ಎಷ್ಟೋ ಸಾಧ್ಯತೆಗಳಿವೆ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ನಮ್ಮ ಸಮಾಜದಲ್ಲಿ ಹೆಸರು ಬರಿಯ ಹೆಸರಾಗಿ ಉಳಿದಿಲ್ಲ. ಹೆಸರು ಕೇಳಿ ಬಾಡಿಗೆ ಮನೆ ನಿರಾಕರಿಸುವವರಿದ್ದಾರೆ, ಅರ್ಜಿಯಲ್ಲಿ ಧರ್ಮವನ್ನೂ ಜಾತಿಯನ್ನೂ ಹುಡುಕುವವರಿದ್ದಾರೆ. ಹೀಗಾಗಿ ಕೆಲವು ಯುವಕ ಯುವತಿಯರು ಪೂರ್ತಿ ಹೆಸರಿನ ಬದಲು ಮೊದಲಕ್ಷರದ ಲಾಂಛನದ ಹಿಂದೆ ನಿಲ್ಲಲು ಬಯಸಿದರೆ ಅವರನ್ನು ದೂರುವ ಹಕ್ಕು ನಮಗಿಲ್ಲ. ದೂರಬೇಕಾದ್ದು ಆ ಅಂಜಿಕೆಯನ್ನು ಹುಟ್ಟಿಸಿದವರನ್ನು. ಆದರೆ ಅದೇ ಒಂದಕ್ಷರವನ್ನು ಅಡಗುದಾಣವಾಗಿಯೂ ಬಳಸಬಹುದು, ನೆಲೆಯಾಗಿಯೂ ಬಳಸಬಹುದು. ಹೈದರನ 'ಹೇ' ಶಿವ ಪಾರ್ವತಿಯರ ಬೆನ್ನಿಗೇ ಅಚ್ಚಾಗಿತ್ತು. ಆ ನಾಣ್ಯ ನಾಡಿನ ಸಂತೆಗಳಲ್ಲಿ ಚಲಾವಣೆಯಾಯಿತು. ತಮ್ಮ ಹೆಸರನ್ನು ಬಿಟ್ಟುಕೊಡದೆ ಇತರರ ನಂಬಿಕೆಯನ್ನು ಗಳಿಸಲು ಸಾಧ್ಯವೆಂಬುದಕ್ಕೆ ಈ ನಾಡಿನ ಮಣ್ಣಲ್ಲೇ ಸಿಗುವ ಸಾಕ್ಷಿ ಅದು.

ಇಂದು ಇಜಾಝತ್ ಬರೆದುಕೊಡುವ ಉಸ್ತಾದರು ವಿನ್ಯಾಸ ಶಾಲೆಗಳಲ್ಲಿಲ್ಲ. ಪದವಿ ಪತ್ರ ಆ ಕೆಲಸ ಮಾಡಲಾರದು. ಹೀಗಿರುವಾಗ ವಿದ್ಯಾರ್ಥಿ ತನಗೆ ತಾನೇ ಅನುಮತಿ ಕೊಟ್ಟುಕೊಳ್ಳಬೇಕಾಗುತ್ತದೆ. ಅದು ಉಸ್ತಾದರಿಂದ ಪಡೆಯುವುದಕ್ಕಿಂತ ಕಠಿಣ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ಜೊತೆಯವರ ಹೆಸರನ್ನೂ ಬರೆಯಬೇಕು. ಬೇರೊಬ್ಬರನ್ನು ನೋಡಿ ಕಲಿತದ್ದಾದರೆ ಅದನ್ನೂ ಹೇಳಬೇಕು. ಪುಟದ ಕೊನೆಯಲ್ಲಿ ಲಾಂಛನ ಒತ್ತುವ ಮೊದಲು ಪ್ರಶ್ನೆಯೊಂದನ್ನು ಕೇಳಿಕೊಂಡರೆ ಸಾಕು: ಇದು ಕೆಟ್ಟರೆ ನನ್ನ ಬಾಗಿಲಿಗೆ ಬನ್ನಿ ಎಂದು ಹೇಳಲು ನಾನು ಸಿದ್ಧನೇ? ಹೌದೆಂದಾದರೆ ಆ ಗುರುತು ಎಷ್ಟೇ ಚಿಕ್ಕದಿರಲಿ, ಹಾಕಿದವನ ವಯಸ್ಸು ಹದಿಮೂರೇ ಇರಲಿ, ಅದು ಮೊಹರೇ.